ನಲವತ್ತೊಂದು ಅಂಕದ ಅಭ್ಯರ್ಥಿ

ಮಹಾನಂದಾ ಸುಣಗಾರ ಅವರ ಮೊದಲ ಚುನಾವಣಾ ಸಭೆಗೆ ಬಂದದ್ದು ನಲವತ್ತೊಂದು ಅಂಕ. ಮಾಳಾಪುರದ ಉಳ್ಳಾಗಡ್ಡಿ ಮಾರುಕಟ್ಟೆಯ ಅಂಗಳದಲ್ಲಿ, ವೇದಿಕೆಯ ಬಲಕ್ಕೆ ನಿಲ್ಲಿಸಿದ್ದ ಆಳೆತ್ತರದ ಫಲಕದ ಮೇಲೆ ಆ ಅಂಕಿ ಕೆಂಪಗೆ ಹೊತ್ತಿಕೊಂಡಾಗ ಹಮಾಲರು, ದಲಾಲರು, ಸಂತೆಗೆ ಬಂದ ಹೆಂಗಸರು ಎಲ್ಲರೂ ಒಮ್ಮೆಲೇ ನಕ್ಕುಬಿಟ್ಟರು.

"ಮಂದಿಗೆ ಧೈರ್ಯಾ ಹೇಳೋ ಅಕ್ಕಾರಿಗೇ ಔಷಧ ಬೇಕಾಗೇತ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ವೇದಿಕೆಯ ಹಿಂದೆ ನಿಂತಿದ್ದ ಮಾಪನ ವ್ಯಾನಿನೊಳಗೆ ಮೌನೇಶ ಪತ್ತಾರ ಕುಳಿತಿದ್ದ. ಸ್ವರಮಾಪನ ಕೇಂದ್ರದ ತಂತ್ರಜ್ಞನಾಗಿ ಆತ ಇಂಥ ನೂರಾರು ಸಭೆ ನೋಡಿದ್ದ. ಅಂಕ ಐವತ್ತರ ಕೆಳಗಿಳಿದರೆ ಅಭ್ಯರ್ಥಿಗಳು ನೀರು ಕುಡಿಯುತ್ತಾರೆ, ಕೆಮ್ಮುತ್ತಾರೆ, ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಕುಳಿತುಬಿಡುತ್ತಾರೆ. ಈ ಐವತ್ತೆರಡು ವರ್ಷದ ಹೆಂಗಸು ಹಾಗೆ ಮಾಡಲಿಲ್ಲ. ಫಲಕದ ಕಡೆ ತಿರುಗಿ ನೋಡಿದಳು. ಕನ್ನಡಕ ಮೇಲೇರಿಸಿಕೊಂಡು ಮತ್ತೊಮ್ಮೆ ನೋಡಿದಳು.

"ನಗ್ರಿ, ಅದಕ್ಕೇನಂತ. ಅದು ಸುಳ್ಳೇನ ಹೇಳಾಕತ್ತಿಲ್ಲ. ಇಪ್ಪತ್ತೆರಡು ವರ್ಷ ನಾ ಒಬ್ಬೊಬ್ಬರ ಜೋಡಿ ಕುಂತು ಮಾತಾಡಿದಾಕಿ. ಇಷ್ಟು ಮಂದಿ ಮುಂದ ನಿಂತಿದ್ದು ಇವತ್ತ ಮೊದಲು. ಅಂಜಿಕಿ ಆಗೇತಿ."

ಅಂಕ ಮೂವತ್ತಾರಕ್ಕೆ ಇಳಿಯಿತು. ಆಕೆ ಮುಕ್ಕಾಲು ಗಂಟೆ ಮಾತಾಡಿದಳು. ಮಾತಾಡಿದಳು ಎನ್ನುವುದಕ್ಕಿಂತ, ಕೇಳಿದಳು ಎನ್ನಬೇಕು. ಸಭಿಕರ ಕೈಗೆ ಮೈಕು ಕೊಟ್ಟು, ಅವರು ಹೇಳಿದ್ದಕ್ಕೆ ಉತ್ತರ ಕೊಡುತ್ತ ಹೋದಳು. ಫಲಕ ಕೊನೆಯವರೆಗೂ ಕೆಂಪಾಗಿಯೇ ಇತ್ತು.

ಸ್ವರಮಾಪಿ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೇ. ಮನುಷ್ಯ ಮಾತಾಡುವಾಗ ಗಂಟಲಿನ ಎರಡು ಸಣ್ಣ ಪೊರೆಗಳು ಕ್ಷಣಕ್ಕೆ ನೂರಾರು ಸಲ ಅದುರುತ್ತವೆ. ಮನಸ್ಸು ನೆಮ್ಮದಿಯಾಗಿದ್ದರೆ ಆ ಅದುರು ಒಂದೇ ಲಯದಲ್ಲಿರುತ್ತದೆ. ಕುಗ್ಗಿದ್ದರೆ ಉಸಿರು ಗಿಡ್ಡವಾಗಿ ಲಯ ತಪ್ಪುತ್ತದೆ. ಕಿವಿಗೆ ಸಿಗದ ಆ ಏರುಪೇರನ್ನು ಹಿಡಿದು ನೂರಕ್ಕೆ ಇಷ್ಟು ಎಂದು ಹೇಳುವ, ಸಾಬೂನಿನ ತುಂಡಿನಷ್ಟು ದೊಡ್ಡ ಪೆಟ್ಟಿಗೆ ಅದು. ಆಸ್ಪತ್ರೆಗಳಲ್ಲಿ ಅದು ಎಷ್ಟೋ ಜೀವ ಉಳಿಸಿತು. ಅದನ್ನು ಮೊದಲು ಬಳಸಿದ ಆಪ್ತ ಸಮಾಲೋಚಕರಲ್ಲಿ ಮಹಾನಂದಾ ಕೂಡ ಒಬ್ಬರು. ಆಮೇಲೆ ಒಬ್ಬ ಮಂತ್ರಿ ಭಾಷಣದ ನಡುವೆ ಕುಸಿದುಬಿದ್ದ. ಆಡಳಿತ ನಡೆಸುವವರ ಮನಸ್ಸು ಗಟ್ಟಿ ಇದೆಯೋ ಇಲ್ಲವೋ ಜನರಿಗೆ ಗೊತ್ತಾಗಬೇಕು ಎಂಬ ಕೂಗೆದ್ದಿತು. ಅಭ್ಯರ್ಥಿಗಳ ಪ್ರತಿ ಸಭೆಗೂ ಸ್ವರಮಾಪಿ ಕಡ್ಡಾಯವಾಯಿತು. ಅಲ್ಲಿಂದ ಅದು ಶಿಕ್ಷಕರಿಗೆ ಬಂತು, ಬಸ್ ಚಾಲಕರಿಗೆ ಬಂತು, ಕೊನೆಗೆ ಕನ್ಯೆ ನೋಡುವ ಶಾಸ್ತ್ರಕ್ಕೂ ಬಂತು.

ಜನ ಹೊಂದಿಕೊಂಡರು. ಮಾಳಾಪುರದ ಮಂದಿ ಮೊದಲು ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಜಗಳಾಡುತ್ತಿದ್ದವರು. ಈಗ ಅವರ ಮಾತಿಗೆ ಏರಿಳಿತವಿರಲಿಲ್ಲ. ಸತ್ತವರ ಮನೆಯಲ್ಲಿ ಹೆಂಗಸರು ಸೆರಗು ಕಚ್ಚಿಕೊಂಡು ಕೂರುತ್ತಿದ್ದರು. ಔಷಧದ ಅಂಗಡಿಗಳಲ್ಲಿ 'ಸಮಗುಳಿಗೆ' ಸಿಗುತ್ತಿತ್ತು; ಗಂಟಲಿನ ನರವನ್ನು ಸಡಿಲಗೊಳಿಸಿ ದನಿಯನ್ನು ಸಪಾಟಾಗಿಸುವ ಮಾತ್ರೆ. ಅದನ್ನು ಕಾನೂನು ಬೇಡ ಎಂದಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಎರಡು ಕೋಣೆಗಳಲ್ಲಿ ಮಹಾನಂದಾ ನಡೆಸುತ್ತಿದ್ದ ಸಮಾಲೋಚನಾ ಕೇಂದ್ರಕ್ಕೆ ಬರುವವರು ಕಡಿಮೆಯಾಗುತ್ತ ಬಂದರು. ಬಂದವರೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಒಬ್ಬ ಬಸ್ ಚಾಲಕ ಇಡೀ ಗಂಟೆ ಕೈಸನ್ನೆಯಲ್ಲೇ ತನ್ನ ಕಷ್ಟ ಹೇಳಿ ಎದ್ದು ಹೋದನಂತೆ. ಮಾರನೆಯ ದಿನವೇ ಆಕೆ ಪಕ್ಷೇತರಳಾಗಿ ನಾಮಪತ್ರ ಸಲ್ಲಿಸಿದಳು. ಸ್ವರಮಾಪಿ ಆಸ್ಪತ್ರೆಗೆ ಮರಳಬೇಕು, ಬೇರೆಲ್ಲೂ ಇರಕೂಡದು. ಆಕೆಯ ಬೇಡಿಕೆ ಅದೊಂದೇ.

ಸಭೆ ಮುಗಿಸಿ ಮೌನೇಶ ಮನೆಗೆ ಬಂದಾಗ ಅವನ ಹೆಂಡತಿ ಸರ್ವಮಂಗಳಾ ಒಲೆಯ ಮುಂದಿದ್ದಳು. ಆತ ಊಟಕ್ಕೆ ಕುಳಿತ. ಆಕೆ ತಾಟು ಇಟ್ಟು, ಮೊಬೈಲಿನಲ್ಲಿ ಏನೋ ಬರೆದಳು. ಎದುರಿಗೇ ಕುಳಿತ ಆತನ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು.

"ಸಾರು ಇನ್ನಷ್ಟು ಬೇಕೇನು?" ಎಂದಿತ್ತು.

"ಸಾಕು, ಮಂಗಳಾ," ಎಂದ ಆತ.

ಐದು ತಿಂಗಳಿಂದ ಹೀಗೇ. ಸರ್ವಮಂಗಳಾ ನಾಲ್ಕನೇ ತರಗತಿಯ ಶಿಕ್ಷಕಿ. ತಂಗಿ ಪಾರ್ವತಿ ಕಾಮಾಲೆಯಾಗಿ ತೀರಿಕೊಂಡ ಇಪ್ಪತ್ತನೆಯ ದಿನ ಶಾಲೆಯಲ್ಲಿ ವಾರ್ಷಿಕ ಮಾಪನವಿತ್ತು. ಆ ದಿನ ಯಂತ್ರದ ಮುಂದೆ ಕುಳಿತವನು ಮೌನೇಶನೇ. ನಲವತ್ತನಾಲ್ಕು ಬಂತು. ಬೇರೆ ಅಂಕ ಬರೆಯಲು ಬರುವುದಿಲ್ಲ. ಯಂತ್ರ ತಾನೇ ಕಳಿಸಿಬಿಡುತ್ತದೆ. ವಾರದೊಳಗೆ ಆಕೆಯನ್ನು ತರಗತಿಯಿಂದ ತೆಗೆದು ಪಠ್ಯಪುಸ್ತಕಗಳ ಉಗ್ರಾಣಕ್ಕೆ ಹಾಕಿದರು. ಅಂದಿನಿಂದ ಆಕೆ ಮಾತು ಬಿಟ್ಟಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಮೌನೇಶನಿಗೆ ಎಷ್ಟೋ ಹಗುರಾಗುತ್ತಿತ್ತು.

ಹದಿನಾಲ್ಕು ಸಭೆಗಳಾದವು. ಸಭೆ ಮುಗಿಯುವ ಹೊತ್ತಿಗೆ ಮಹಾನಂದಾ ಅವರ ಅಂಕ ಒಮ್ಮೆಯೂ ಐವತ್ತರ ಮೇಲಿರಲಿಲ್ಲ. ಎದುರಾಳಿ, ಎರಡು ಸಲ ಗೆದ್ದ ಶಾಸಕ ಶಿವಯೋಗಿ ಮುತ್ತಗಿ ಎಲ್ಲೇ ಮಾತಾಡಿದರೂ ಎಂಬತ್ತಮೂರು; ಊರ ತುಂಬ ಅವರ ಭಿತ್ತಿಪತ್ರಗಳಲ್ಲಿ ಹೆಸರಿಗಿಂತ ಆ ಅಂಕಿಯೇ ದೊಡ್ಡದಾಗಿತ್ತು.

ಮೌನೇಶನಿಗೆ ಒಂದು ಸಂಗತಿ ಬಗೆಹರಿಯಲಿಲ್ಲ. ನಾಮಪತ್ರದ ದಿನ ಮುಚ್ಚಿದ ಕೋಣೆಯಲ್ಲಿ ನಿಗದಿತ ಪಾಠ ಓದಿಸಿದಾಗ ಇದೇ ಹೆಂಗಸಿಗೆ ಎಪ್ಪತ್ತನಾಲ್ಕು ಬಂದಿತ್ತು. ಮೊದಲ ಸಭೆಯಲ್ಲಿ ಅಂಜಿಕೆ ಇರಬಹುದು, ಹದಿನಾಲ್ಕನೆಯದರಲ್ಲೂ ಇರುತ್ತದೆಯೆ? ಒಂದು ಭಾನುವಾರ ಸ್ವರಮಾಪನ ಕೇಂದ್ರದ ಪ್ರಯೋಗಾಲಯದಲ್ಲಿ ಕುಳಿತು ಆತ ಎಲ್ಲ ಸಭೆಗಳ ದಾಖಲೆ ತೆರೆದ. ಪ್ರಶ್ನೆ ಕೇಳುವವರ ಮೈಕಿಗೂ ಸ್ವರಮಾಪಿ ಇರುತ್ತಿತ್ತು. ಆ ಅಂಕ ಫಲಕಕ್ಕೆ ಬರದೆ ವ್ಯಾನಿನಲ್ಲಷ್ಟೇ ಉಳಿಯುತ್ತಿತ್ತು. ಆತ ಎರಡು ಗೆರೆಗಳನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟ.

ಮಹಾನಂದಾ ಒಬ್ಬರೇ ಮಾತಾಡುವಾಗ ಗೆರೆ ಮೇಲೇ ಇತ್ತು. ಯಾರಾದರೂ ಅಳುಕುತ್ತ ಪ್ರಶ್ನೆ ಕೇಳಿದರೆ, ಉತ್ತರ ಕೊಡುವಾಗ ಆಕೆಯ ದನಿ ಅವರ ದನಿಯ ಹತ್ತಿರಕ್ಕೆ ಇಳಿಯುತ್ತಿತ್ತು. ಅವರ ಲಯ, ಅವರ ಗಿಡ್ಡ ಉಸಿರು, ಅವರ ನಡುಕ ಆಕೆಯ ಗಂಟಲಿಗೆ ಬರುತ್ತಿದ್ದವು. ಮೌನೇಶ ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಆಕೆಯ ಗೆರೆ ಇಳಿದಾಗಲೆಲ್ಲ ಎದುರಿನವರ ಗೆರೆ ಏರಿತ್ತು. ಇಪ್ಪತ್ತೆಂಟಿದ್ದ ಮುದುಕಿ ನಲವತ್ತಾರಕ್ಕೆ, ಮೂವತ್ತಿದ್ದ ಹಮಾಲ ಐವತ್ತಕ್ಕೆ.

ಸ್ವರಮಾಪಿಯನ್ನು ಪಳಗಿಸಿದ್ದು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಪಾಠ ಓದಿದವರ ದನಿಗಳಿಂದ. ಇಬ್ಬರು ಮಾತಾಡುವಾಗ ಒಂದು ದನಿ ಇನ್ನೊಂದಕ್ಕೆ ಹೆಗಲು ಕೊಡುತ್ತದೆ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಅದನ್ನು ಅದು ಕಾಯಿಲೆ ಎಂದು ಬರೆಯುತ್ತಿತ್ತು.

ಸೋಮವಾರ ಆತ ಹಿರಿಯ ಎಂಜಿನಿಯರ್ ಅಗಡಿಯವರ ಮುಂದೆ ಹಾಳೆಗಳನ್ನು ಹರಡಿದ. ಅವರು ಎರಡು ಸಲ ಓದಿದರು. ಅವರೇನೂ ಕೆಟ್ಟವರಲ್ಲ.

"ನೀ ಹೇಳೂದು ಖರೆ ಇರಬಹುದಪಾ. ಆದ್ರ ಹದಿನಾಲ್ಕು ಸಭಾ ಸಾಕಾಗಂಗಿಲ್ಲ. ನೂರಾರು ಜೋಡಿ ದನಿ ಬೇಕು. ಇಲೆಕ್ಷನ್ ಮುಗೀಲಿ, ನೋಡೂಣು."

"ಮುಗದ ಮ್ಯಾಲ ನೋಡಿ ಏನ ಮಾಡೂದ್ರಿ, ಸರ?"

"ಪತ್ತಾರ, ಹದಿಮೂರು ದಿನ ಉಳದಾವ. ಸುಮ್ನ ಇರು."

ನೂರಾರು ಜೋಡಿ ದನಿ ಎಲ್ಲಿವೆ ಎಂಬುದು ಮೌನೇಶನಿಗೆ ಗೊತ್ತಿತ್ತು. ಆಪ್ತ ಸಮಾಲೋಚನೆಯ ಮಾತುಕತೆಯನ್ನು ಬಂದವರ ಒಪ್ಪಿಗೆ ಪಡೆದು ಮಹಾನಂದಾ ಧ್ವನಿಮುದ್ರಿಸಿ ಇಡುತ್ತಿದ್ದರು. ಹನ್ನೊಂದು ವರ್ಷದ ದಾಖಲೆ. ಅಂದು ಸಂಜೆ ಆತ ಅವರ ಕೇಂದ್ರಕ್ಕೆ ಹೋದ. ಆಕೆ ಕರಪತ್ರಗಳ ಕಟ್ಟಿನ ನಡುವೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದಳು. ಆತ ಹೇಳಿದ್ದನ್ನೆಲ್ಲ ಕೇಳಿದಳು. ಗೆರೆಗಳನ್ನು ನೋಡುವಾಗ ಅವಳ ಮುಖ ಚಿಕ್ಕ ಹುಡುಗಿಯ ಹಾಗೆ ಅರಳಿತು.

"ಹಂಗಾರ ನನ್ನ ಕೆಲಸ ಹಾಳ್ಯಾಗ ಬರದು ತೋರಿಸಿದವ್ರು ನೀವ ಮೊದಲನೇದವ್ರು ನೋಡ್ರಿ."

"ಆ ಹಳೀ ರೆಕಾರ್ಡಿಂಗ್ ಕೊಡ್ರಿ, ಅಕ್ಕಾರ. ಮೂರು ದಿನದಾಗ ಎಲ್ಲಾರ ಬಾಯಿ ಮುಚ್ಚಿಸ್ತೀನಿ. ನೀವು ಗೆಲ್ತೀರಿ."

ಮಂಡಕ್ಕಿಯ ತಟ್ಟೆಯನ್ನು ಆಕೆ ಪಕ್ಕಕ್ಕೆ ಸರಿಸಿದಳು.

"ಅವು ನನ್ನವಲ್ರೀ. ಯಾರೂ ಕೇಳಂಗಿಲ್ಲ ಅಂತ ನಂಬಿ ಅವರು ಬಾಯಿ ಬಿಟ್ಟಾರ. ಅದನ್ನ ಮಾರಿ ನಾ ಶಾಸಕಿ ಆದ್ರ, ಅಲ್ಲಿ ಹೋಗಿ ಯಾರ ಪರವಾಗಿ ನಿಂದರ್ಲಿ?"

"ಹೆಸರು ತಗದ ಹಾಕ್ತೀನ್ರಿ."

"ಮಾಳಾಪುರದಾಗ ದನಿ ಕೇಳಿದ್ರ ಸಾಕು, ಯಾರು ಅಂತ ಗೊತ್ತಾಗತೈತಿ. ಬ್ಯಾಡ್ರಿ."

ಮೌನೇಶ ಹಾಳೆಗಳನ್ನು ಮಡಚುತ್ತ ಎದ್ದ. ಆಕೆ ಅವನನ್ನೇ ನೋಡುತ್ತಿದ್ದಳು.

"ಪತ್ತಾರ ಅವ್ರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಒಂದು ಮಾತು ಹೇಳಿ ಉತ್ತರಕ್ಕ ಕಾಯೂದ ಇಲ್ಲ. ನಿಮ್ಮ ಮನ್ಯಾಗ ಯಾರು ಮಾತು ಬಿಟ್ಟಾರ?"

ಸ್ವರಮಾಪಿ ಇಲ್ಲದೆ ಆಕೆ ಅದನ್ನು ಕಂಡುಹಿಡಿದಿದ್ದಳು. ಮೌನೇಶ ಮತ್ತೆ ಕುಳಿತ. ಪಾರ್ವತಿಯ ಸಾವು, ನಲವತ್ತನಾಲ್ಕರ ಅಂಕಿ, ಆ ದಿನ ಯಂತ್ರದ ಗುಂಡಿ ಒತ್ತಿದ ತನ್ನ ಬೆರಳು, ಎಲ್ಲವೂ ಹೊರಗೆ ಬಂತು. ಹೊರಗೆ ಪ್ರಚಾರದ ಆಟೊ ಕಾಯುತ್ತಿತ್ತು. ಚಾಲಕ ಎರಡು ಸಲ ಇಣುಕಿ ಹೋದ. ಆಕೆ ಏಳಲಿಲ್ಲ.

ಕೊನೆಗೆ ಕೇಳಿದಳು: "ನಿಮ್ಮ ಮನಿಗೆ ನಾ ಬರ್ಲೇನು? ವೋಟ ಕೇಳಾಕಲ್ಲ."

ಮತದಾನಕ್ಕೆ ಹನ್ನೆರಡು ದಿನವಿರುವಾಗ, ಬೇರೆ ಅಭ್ಯರ್ಥಿಗಳು ದಿನಕ್ಕೆ ಹತ್ತು ಹಳ್ಳಿ ಸುತ್ತುತ್ತಿದ್ದಾಗ, ಮಹಾನಂದಾ ಮೂರು ಸಂಜೆ ಸರ್ವಮಂಗಳಾಳ ಅಡುಗೆಮನೆಯಲ್ಲಿ ಕಳೆದಳು. ಮೊದಲ ದಿನ ಮೆಂತ್ಯದ ಸೊಪ್ಪು ಸೋಸಿದಳು. ಎರಡನೆಯ ದಿನ ತನ್ನ ಮಂಡಿನೋವಿನ ಕತೆ ಹೇಳಿದಳು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಸರ್ವಮಂಗಳಾ ಮೊಬೈಲಿನಲ್ಲಿ ಬರೆದು ತೋರಿಸಿದ್ದಕ್ಕೆ ಬಾಯಿಯಿಂದಲೇ ಉತ್ತರ ಹೇಳಿದಳು. ಮೂರನೆಯ ದಿನ ತಾನೇ ರೊಟ್ಟಿ ಮಾಡುತ್ತೇನೆಂದು ಹಟ ಹಿಡಿದು ಹಿಟ್ಟಿನ ಮುಂದೆ ಕುಳಿತಳು. ಅಡುಗೆ ಆಕೆಗೆ ನಿಜಕ್ಕೂ ಬರುತ್ತಿರಲಿಲ್ಲ. ಒಂದು ಹಿಡಿ ಉಪ್ಪು ಹಾಕಿದಳು, ಇನ್ನೊಂದು ಹಿಡಿಗೆ ಕೈ ಹಾಕಿದಳು.

"ಸಾಕ್ರೀ! ಏನ್ ದನಕ್ಕ ಇಡಾಕತ್ತೀರೇನು?"

ಹೊರಗಿನ ಪಡಸಾಲೆಯಲ್ಲಿದ್ದ ಮೌನೇಶ ಹೆಂಡತಿಯ ದನಿ ಕೇಳಿ ಎದ್ದು ನಿಂತ. ಒಳಗೆ ಹೋಗಲು ಧೈರ್ಯವಾಗಲಿಲ್ಲ. ಆಮೇಲೆ ಇಬ್ಬರು ಹೆಂಗಸರೂ ನಗುವುದು ಕೇಳಿಸಿತು. ನಗು ಹೋಗಿ ಒಬ್ಬಳ ಅಳುವಾಯಿತು. ಆತ ಮೆಲ್ಲನೆ ಚಪ್ಪಲಿ ಮೆಟ್ಟಿ ಬೀದಿಗೆ ಹೋಗಿ ನಿಂತ.

ಪ್ರಚಾರದ ಕೊನೆಯ ದಿನ ಹೈಸ್ಕೂಲು ಮೈದಾನದಲ್ಲಿ ಮುಖ್ಯ ಅಭ್ಯರ್ಥಿಗಳಿಬ್ಬರದೂ ಒಂದೇ ವೇದಿಕೆಯ ಸಭೆ. ಸಂಜೆ ನಾಲ್ಕಕ್ಕೆ ಮೈದಾನ ತುಂಬಿತ್ತು. ಮುತ್ತಗಿಯವರ ಫಲಕದ ಮೇಲೆ ಎಂಬತ್ತಮೂರು, ಮಹಾನಂದಾ ಅವರದರ ಮೇಲೆ ಐವತ್ತೇಳು. ಇನ್ನೂ ಯಾರೂ ಪ್ರಶ್ನೆ ಕೇಳಿರಲಿಲ್ಲ.

ಸಭಿಕರ ಮೈಕಿನ ಮುಂದೆ ನಿಂತ ಮೊದಲಿಗಳನ್ನು ವ್ಯಾನಿನ ಪರದೆಯಲ್ಲಿ ಕಂಡು ಮೌನೇಶ ಕುರ್ಚಿಯಿಂದ ಅರ್ಧ ಎದ್ದ. ಸರ್ವಮಂಗಳಾ. ಆಕೆ ಮನೆಯಲ್ಲಿ ಏನೂ ಹೇಳಿರಲಿಲ್ಲ.

"ನಾ ಟೀಚರ್ ಇದ್ದೆ," ಎಂದಳು. ದನಿ ನಡುಗುತ್ತಿತ್ತು. "ನನ್ನ ತಂಗಿ ತೀರಿಕೊಂಡ್ಲು. ಅದಕ್ಕ ನನ್ನ ಅಂಕ ಕಡಿಮಿ ಆತು, ಮಕ್ಕಳಿಂದ ದೂರ ಮಾಡಿದ್ರು. ಮತ್ತ ಮಕ್ಕಳ ಮುಂದ ನಿಂದರಬೇಕಂದ್ರ ನಾ ತಂಗೀನ್ನ ಮರೀಬೇಕೇನ್ರಿ? ಇಬ್ಬರೂ ಹೇಳ್ರಿ."

ವ್ಯಾನಿನ ಪರದೆಯಲ್ಲಿ ಅವಳ ಅಂಕ ಮೂವತ್ನಾಲ್ಕು. ವೇದಿಕೆಯ ನಡುವೆ ಮೂರನೆಯ ಫಲಕವೊಂದು ಖಾಲಿ ನಿಂತಿತ್ತು. ಬೇರೆ ಫಲಕ ಕೆಟ್ಟರೆ ಬೇಕಾದೀತೆಂದು ತಂದದ್ದು. ಪ್ರಶ್ನೆ ಕೇಳುವವರ ಅಂಕ ತೋರಿಸಬೇಕೆಂದು ನಿಯಮ ಹೇಳಿರಲಿಲ್ಲ. ಮೌನೇಶ ಪರದೆಯಲ್ಲಿ ಹೆಂಡತಿಯ ಮುಖ ನೋಡಿದ. ಆಕೆ ವ್ಯಾನಿನ ಕಡೆಗೇ ತಿರುಗಿ, ಖಾಲಿ ಫಲಕದತ್ತ ಕೈ ತೋರಿಸಿ, ಹಾಕು ಎನ್ನುವಂತೆ ತಲೆಯಾಡಿಸಿದಳು.

ಆತ ಗುಂಡಿ ಒತ್ತಿದ. ಮೂರನೆಯ ಫಲಕ ಹೊತ್ತಿಕೊಂಡಿತು: ಮೂವತ್ನಾಲ್ಕು.

ಮುತ್ತಗಿ ಮೊದಲು ಉತ್ತರಿಸಿದರು. "ನೋಡ್ರಿ ಟೀಚರ್, ನಿಮ್ಮ ದುಃಖಾ ನಮಗ ಅರ್ಥ ಆಗತೈತಿ. ಇಂಥಾ ಪ್ರಕರಣಕ್ಕ ನಮ್ಮ ಸರ್ಕಾರ ಒಂದು ಸಮಿತಿ ಮಾಡೇತಿ. ವರದಿ ಬಂದ ಮ್ಯಾಲ ಸೂಕ್ತ ಕ್ರಮ ತಗೋತೇವಿ." ಎಂಬತ್ತಮೂರು ಅಲುಗಲಿಲ್ಲ. ನಡುವಿನ ಫಲಕ ಮೂವತ್ತೊಂದಕ್ಕೆ ಇಳಿಯಿತು.

ಮಹಾನಂದಾ ಮೈಕು ಹಿಡಿದುಕೊಂಡು ವೇದಿಕೆಯ ಅಂಚಿಗೆ ಬಂದು, ಕಾಲು ಇಳಿಬಿಟ್ಟು ಕುಳಿತಳು.

"ಪಾರ್ವತಿಗೆ ನೀವು ಏನೇನು ಕಲಿಸಿದ್ರಿ?"

ಸರ್ವಮಂಗಳಾ ತಡವರಿಸಿದಳು. "ಮಗ್ಗಿ ಕಲಿಸಿದ್ದೆ... ಹದಿಮೂರರ ಮಗ್ಗಿ ಅಕಿಗೆ ಕಡೀಕೂ ಬರಲಿಲ್ಲ."

"ನನಗೂ ಬರಂಗಿಲ್ಲ." ಮಹಾನಂದಾಳ ದನಿ ತಗ್ಗಿತು. ಫಲಕ ಐವತ್ತೇಳರಿಂದ ನಲವತ್ತೆಂಟಕ್ಕೆ ಬಂತು. "ಬಯ್ತಿದ್ರೇನು?"

"ಬಯ್ತಿದ್ದೆ. ನಾ ಹದಿಮೂರು ಐದ್ಲೆ ಅಂದ್ರ, ಅಕಿ ಹೋಗ ಅಕ್ಕಾ, ನೀನ ಹೇಳು ಅಂತ ಓಡಿಹೋಗ್ತಿದ್ಲು." ನಡುವಿನ ಫಲಕ ಮೂವತ್ತೊಂಬತ್ತಾಯಿತು. ಮೈದಾನದಲ್ಲಿ ಯಾರೋ ಒಬ್ಬರು ಮೆಲ್ಲಗೆ ನಕ್ಕರು. ಯಾರೋ ಮೂಗು ಸೊರಗುಟ್ಟಿಸಿದರು.

"ಮಗ್ಗಿ ಬರಲಾರದ ಹುಡುಗರು ಈಗೂ ನಿಮ್ಮ ಶಾಲ್ಯಾಗ ಅದಾರ," ಎಂದಳು ಮಹಾನಂದಾ. ಅವಳ ದನಿಯೂ ನಡುಗುತ್ತಿತ್ತು. "ಅವರ ಮುಂದ ನಿಂತಾಗ ಪಾರ್ವತಿ ನೆನಪಾಗ್ತಾಳ. ಆಗಲಿ. ಅಕಿನ್ನ ಮರತ ಟೀಚರ್‌ಗಿಂತ ನೆನಪಿಟ್ಟ ಟೀಚರ್ ಆ ಹುಡುಗರಿಗೆ ಛಲೋ."

ಮಹಾನಂದಾ ಮೂವತ್ತೇಳು. ಸರ್ವಮಂಗಳಾ ಐವತ್ತೆರಡು.

ಒಂದು ಅಂಕ ಇಳಿಯುತ್ತ ಇನ್ನೊಂದು ಏರಿದ್ದನ್ನು ಆರು ಸಾವಿರ ಜನ ಕಣ್ಣಾರೆ ಕಂಡಿದ್ದರು. ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಎದ್ದು ಫಲಕದತ್ತ ಕೈ ಮಾಡಿ, "ಅಕಿದು ಇಕಿಗೆ ಹೋತಲ್ರೋ!" ಎಂದ. ಮೈದಾನಕ್ಕೆ ಮೈದಾನವೇ ಗದ್ದಲವೆಬ್ಬಿಸಿತು. ಎಷ್ಟೋ ವರ್ಷಗಳಿಂದ ಮಾಳಾಪುರ ಅಷ್ಟು ಜೋರಾಗಿ ಮಾತಾಡಿರಲಿಲ್ಲ.

ಅಪ್ಪಣೆಯಿಲ್ಲದೆ ಮೂರನೆಯ ಫಲಕ ಹೊತ್ತಿಸಿದ್ದಕ್ಕೆ ಸಂಜೆ ಆರಕ್ಕೇ ಮೌನೇಶನ ಅಮಾನತಿನ ಆದೇಶ ಬಂತು. ಅಗಡಿಯವರೇ ತಂದುಕೊಟ್ಟು, ಅವನ ಭುಜ ಒತ್ತಿ ಹೋದರು.

ಮಹಾನಂದಾ ಗೆಲ್ಲಲಿಲ್ಲ. ಮುನ್ನೂರ ಹದಿನೆಂಟು ಮತಗಳಿಂದ ಸೋತಳು. ಎಣಿಕೆಯ ಕೇಂದ್ರದ ಹೊರಗೆ ಅಳುತ್ತ ನಿಂತಿದ್ದ ಬೆಂಬಲಿಗರನ್ನು ಒಬ್ಬೊಬ್ಬರಾಗಿ ಸಮಾಧಾನಪಡಿಸಿದಳು, ಎಲ್ಲರಿಗೂ ಚಹಾ ಕುಡಿಸಿದಳು. ಮರುದಿನ ಹತ್ತು ಗಂಟೆಗೆ ಸಮಾಲೋಚನಾ ಕೇಂದ್ರದ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಹದಿನೇಳು ಮಂದಿ ಕುಳಿತಿದ್ದರು. ಕೆಲಸವಿಲ್ಲದ ಮೌನೇಶ ಹೆಸರು ಬರೆದುಕೊಳ್ಳಲು ಅಲ್ಲಿಯೇ ಕೂರತೊಡಗಿದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶಿವಯೋಗಿ ಮುತ್ತಗಿ ಬಂದರು. ಕಾರಿಲ್ಲ, ಹಿಂಬಾಲಕರಿಲ್ಲ, ಹಳೆಯ ಸ್ಕೂಟರಿನಲ್ಲಿ ಒಬ್ಬರೇ. ಅವರ ತಾಯಿ ತೀರಿಕೊಂಡು ವಾರವಾಗಿತ್ತು. ಊರಿಗೆಲ್ಲ ಗೊತ್ತಿದ್ದ ಸುದ್ದಿ. ಅವರು ಮೌನೇಶನ ಮೇಜಿನ ಮುಂದೆ ನಿಂತು, ಪಂಚಾಂಗ ಓದಿದ ಹಾಗೆ ಸಮವಾದ ದನಿಯಲ್ಲಿ ಹೇಳಿದರು:

"ಮೂರು ವರ್ಷದಿಂದ ಗುಳಿಗಿ ನುಂಗೇನ್ರಿ. ಅವ್ವನ ಮಣ್ಣಿಗೆ ನಿಂತಾಗ ಅಳು ಬರಲಿಲ್ಲ. ಈಗೂ ಬರವಲ್ದು."

ಮಹಾನಂದಾ ಬಾಗಿಲಿಗೆ ಬಂದಳು. ತನ್ನನ್ನು ಸೋಲಿಸಿದವನನ್ನು ನೋಡಿದಳು.

"ಬರ್ರಿ, ಕುಂದರ್ರಿ. ನಿಮಗಿಂತ ಮೊದಲ ಇಬ್ಬರು ಬಂದಾರ. ಅವರದು ಮುಗೀಲಿ."

ಶಾಸಕರು ಒಬ್ಬ ಗಾರೆ ಕೆಲಸದವ ಮತ್ತು ಒಬ್ಬ ಹೂ ಮಾರುವವಳ ಪಕ್ಕ ಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತರು. ಆಮೇಲೆ ಒಳಗೆ ಹೋದರು. ಮಾತ್ರೆ ಬಿಡುವ ದಾರಿಯನ್ನು ಜಿಲ್ಲಾ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟರು. ಉಳಿದದ್ದಕ್ಕೆ ಮುತ್ತಗಿ ಹನ್ನೊಂದು ಸಲ ಇಲ್ಲಿಗೆ ಬಂದರು. ಒಳಗೆ ಏನು ಮಾತಾಯಿತೆಂದು ಮೌನೇಶ ಕೇಳಲಿಲ್ಲ. ಕೇಳಿದ್ದರೂ ಆಕೆ ಹೇಳುತ್ತಿರಲಿಲ್ಲ. ಆರನೆಯ ಸಲವೋ ಏಳನೆಯ ಸಲವೋ, ಮುಚ್ಚಿದ ಬಾಗಿಲಿನ ಆಚೆ ಒಬ್ಬ ಗಂಡಸು ಎಳೆಮಗುವಿನ ಹಾಗೆ ಅಳುವುದು ಮಾತ್ರ ಕೇಳಿಸಿತ್ತು. ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿ ಕುಳಿತಿದ್ದರು.

ಚಳಿಗಾಲದ ಅಧಿವೇಶನದಲ್ಲಿ ಮುತ್ತಗಿ ಮಾತಾಡಲು ಎದ್ದರು. ಪ್ರತಿ ಸದಸ್ಯರ ಮುಂದೆ ಇರುವ ಸಣ್ಣ ಫಲಕದಲ್ಲಿ ಇಪ್ಪತ್ತೊಂಬತ್ತು ತೋರಿತು. ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಅವರು ನಿಲ್ಲಿಸಲಿಲ್ಲ. ತಾಯಿಯ ಮಾತು ತೆಗೆದರು, ಮಾತ್ರೆಯ ಮಾತು ತೆಗೆದರು, ಮಾಳಾಪುರದ ಮೈದಾನದ ಮೂರು ಫಲಕಗಳ ಕತೆ ಹೇಳಿದರು. ಸ್ವರಮಾಪಿ ಆಸ್ಪತ್ರೆಗೆ ಮರಳಬೇಕೆಂಬ ತಿದ್ದುಪಡಿಯನ್ನು, ಎದುರಾಳಿಯ ಕರಪತ್ರದಲ್ಲಿದ್ದ ಅದೇ ಪದಗಳಲ್ಲಿ, ಮಂಡಿಸಿದರು. ನಾಲ್ಕು ದಿನದ ಚರ್ಚೆಯ ಮೇಲೆ ಅದು ಒಪ್ಪಿಗೆಯಾಯಿತು.

ಮೌನೇಶ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ಎದ್ದು ನಿಂತ. ಸರ್ವಮಂಗಳಾಳಿಗೆ ಫೋನು ಮಾಡಿದ. ಉಗ್ರಾಣದಲ್ಲಿದ್ದ ಆಕೆ ಕೂಗಿದ ಕೂಗಿಗೆ ಅವನ ಕಿವಿ ಗುಂಯ್‌ಗುಟ್ಟಿತು. ಮಹಾನಂದಾ ಒಳಗೆ ಒಬ್ಬರ ಜೊತೆ ಕುಳಿತಿದ್ದರಿಂದ ಆತ ಅರ್ಧ ಗಂಟೆ ಕಾದ. ಆಕೆ ಹೊರಗೆ ಬಂದ ಕೂಡಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿದಳು.

"ನೀವು ಹೋಗಬೇಕಿದ್ದ ಜಾಗಾ ರೀ ಅದು," ಎಂದ ಮೌನೇಶ. "ಮುಂದಿನ ಸಲ ಮತ್ತ ನಿಂದರ್ತೀರಿಲ್ರಿ, ಅಕ್ಕಾರ? ಅವರ ಎದುರಿಗೆ?"

"ನಿಂದರದ ಏನ? ಸ್ವರಮಾಪಿ ಒಂದು ಹೋದ್ರ ಎಲ್ಲಾ ಮುಗೀತೇನು? ಈ ತಾಲ್ಲೂಕಿನಾಗ ಮನಸಿನ ಡಾಕ್ಟರು ಒಬ್ಬರೂ ಇಲ್ಲ." ಆಕೆ ಕನ್ನಡಕ ಹಾಕಿಕೊಂಡಳು. "ಮುನ್ನೂರ ಹದಿನೆಂಟು ಅಂದ್ರ ಭಾಳ ಅಲ್ರಿ. ಒಂದು ಓಣಿ. ಅದಿರಲಿ, ಈಗ ಯಾರ ಪಾಳಿ? ಒಳಗ ಕಳಸ್ರಿ."